ಸ್ಯಾಕ್ಸೋಫೋನ್ ಹಿಡಿದು ಸ್ಟುಡಿಯೋಗೆ ಹೋಗೋರಿಗೆ

ಹುಬ್ಬಳ್ಳಿಯಲ್ಲಿ ಸ್ಯಾಕ್ಸೋಫೋನ್ ಅಂದ್ರೆ ಮದುವೆ ಮೆರವಣಿಗೆಯ ಬ್ಯಾಂಡ್ ನೆನಪಾಗುತ್ತದೆ, ಇಲ್ಲಾಂದ್ರೆ ಕದ್ರಿ ಗೋಪಾಲನಾಥ್. ಜಾಝ್ ಕಲಿತು, ಬೇರೆಯವರ ಹಾಡುಗಳಿಗೆ ಸ್ಟುಡಿಯೋದಲ್ಲಿ ಊದಿ ದುಡಿಯಬಹುದು ಅಂತ ಇಲ್ಲಿ ಹೇಳಿಕೊಡೋರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಆಲ್ಟೋ ಅನ್ನೋ ಚಿಕ್ಕ ಸ್ಯಾಕ್ಸೋಫೋನ್‌ನಿಂದ ಶುರು ಮಾಡಿ, ಅದಕ್ಕಿಂತ ದೊಡ್ಡದಾದ ಟೆನರ್‌ಗಿಂತ ಹಗುರ. ರೀಡ್, ಅಂದ್ರೆ ಬಾಯಿಗಿಡೋ ತೆಳು ಪಟ್ಟಿ, ಗಡಸಿನ ನಂಬರ್ 2 ಅಥವಾ 2.5 ಸಾಕು. ಮೂರು ನಾಲ್ಕು ರೀಡ್ ಇಟ್ಟುಕೊಂಡು ಸರದಿ ಮೇಲೆ ಊದಿ. ಊದಿದ ಮೇಲೆ ಒರೆಸಿ ಡಬ್ಬಿಯಲ್ಲಿಡಿ, ನಮ್ಮ ಬೇಸಿಗೆಯ ಒಣಗಾಳಿಗೆ ಹಾಗೇ ಬಿಟ್ಟರೆ ತುದಿ ಸೊಟ್ಟಗಾಗುತ್ತದೆ. ದಿನಾ ಮೊದಲ 20 ನಿಮಿಷ ತಂಬೂರಿ ಹಚ್ಚಿಕೊಂಡು ಒಂದೊಂದೇ ಸ್ವರ ಉದ್ದಕ್ಕೆ ಹಿಡಿಯಿರಿ. ಚಳಿಗಾಲದ ಬೆಳಿಗ್ಗೆ ವಾದ್ಯ ತಣ್ಣಗಿದ್ದಾಗ ಶ್ರುತಿ ಇಳಿದಿರುತ್ತದೆ, ಬಿಸಿ ಉಸಿರು ತುಂಬಿ ಆಮೇಲೆ ಕೂಡಿಸಿ.

ಧಾರವಾಡದ ಕಡೆ ಸಂಗೀತ ಕೇಳಿ ಬೆಳೆದವರಿಗೆ ಜಾಝ್ ಅಷ್ಟೇನೂ ಪರಕೀಯ ಅಲ್ಲ. ಬಾರ್ ಅಂದ್ರೆ ಇಲ್ಲಿ ನಾಲ್ಕು ಮಾತ್ರೆಯ ಒಂದು ತುಂಡು. ಜಾಝ್‌ನಲ್ಲಿ ಮತ್ತೆ ಮತ್ತೆ ಬರುವ ಚೌಕಟ್ಟಾದ 12 ಬಾರ್‌ನ ಬ್ಲೂಸ್ ಅಂದ್ರೆ 48 ಮಾತ್ರೆ, ತೀನ್‌ತಾಲದ ಮೂರು ಆವರ್ತನದಷ್ಟು. ಎಷ್ಟೇ ದೂರ ಹೋದರೂ ಸಮ್‌ಗೆ ಬಂದ ಹಾಗೆ ಮೊದಲ ಬಾರ್‌ಗೆ ಬಂದು ಸೇರಬೇಕು. ಅಮೆರಿಕದ ಜಾಝ್ ಆಲ್ಟೋ ವಾದಕ ಚಾರ್ಲಿ ಪಾರ್ಕರ್ ಕೇಳಿ. ನಾಲ್ಕೇ ಬಾರ್ ಆರಿಸಿಕೊಂಡು ಮೊದಲು ಬಾಯಲ್ಲಿ ಹಾಡಿ, ಆಮೇಲೆ ಊದಿ. ಎರಡು, ನಾಲ್ಕನೇ ಮಾತ್ರೆಗೆ ಕಾಲು ತಟ್ಟೋದು ರೂಢಿಯಾಗಬೇಕು.

ನಮ್ಮವರು ಸೋಲೋದು ಕಿವಿಯಲ್ಲಲ್ಲ, ಹಾಳೆಯಲ್ಲಿ ಬರೆದ ಸ್ವರಲಿಪಿ ಓದೋದರಲ್ಲಿ. ನನ್ನ ಮೊದಲ ರೆಕಾರ್ಡಿಂಗ್‌ಗೆ ಬೆಂಗಳೂರಿಗೆ ರಾತ್ರಿ ರೈಲಲ್ಲಿ ಹೋಗಿದ್ದೆ. ಕೈಗೆ ಕೊಟ್ಟ ಹಾಳೆ ಕೀಬೋರ್ಡಿನ ಶ್ರುತಿಯಲ್ಲಿತ್ತು, ನಾನು ಇದ್ದದ್ದನ್ನು ಇದ್ದ ಹಾಗೇ ಊದಿದೆ. ಎಲ್ಲರೂ ನಿಲ್ಲಿಸಿದರು. ಆಲ್ಟೋ ಇ ಫ್ಲ್ಯಾಟ್ ವಾದ್ಯ ಅಲ್ವಾ, ಅದರಲ್ಲಿ ಸಿ ಹಿಡಿದರೆ ಕೇಳೋದು ಇ ಫ್ಲ್ಯಾಟ್, ಹಾರ್ಮೋನಿಯಂನ ಬಿಳಿ ಒಂದು, ಅಂದ್ರೆ ಸಿ, ಬೇಕಿದ್ದರೆ ನಾವು ಎ ಹಿಡಿಯಬೇಕು. ಅವತ್ತು ಎರಡು ತಾಸು ಹಾಳಾಯಿತು, ಮತ್ತೆ ಅವರು ಕರೆಯಲಿಲ್ಲ. ದಿನಾ ಒಂದು ಹೊಸ ಹಾಳೆಯನ್ನು ಹೀಗೆ ಬದಲಿಸಿ ಓದಿ, ಮೆಟ್ರೋನೋಮ್, ಅಂದ್ರೆ ಲಯ ತಟ್ಟೋ ಯಂತ್ರ, ನಿಲ್ಲಿಸದೆ. ತಪ್ಪಿದರೆ ತಪ್ಪಲಿ, ಮುಂದಕ್ಕೆ ಹೋಗಿ. ಸ್ಟುಡಿಯೋದಲ್ಲಿ ಬೇಕಾಗೋದು ನಿಮ್ಮ ದೊಡ್ಡ ಸೋಲೋ ಅಲ್ಲ, ಹಾಡುವವರಿಗೆ ಜಾಗ ಬಿಟ್ಟು ಹೆಡ್‌ಫೋನ್‌ನಲ್ಲಿ ಕೇಳೋ ಲಯದ ಕ್ಲಿಕ್‌ಗೆ ಸರಿಯಾಗಿ ಕೂರುವ ಎಂಟು ಬಾರ್.

ಈಗ ಮನೆಯಿಂದಲೂ ಕೆಲಸ ಕಳಿಸಬಹುದು. ಬರಿಗೋಡೆಯ ಕೋಣೆ ಗುಂಯ್‌ಗುಡುತ್ತದೆ, ನಾನು ಅವ್ವ ಹೊಲಿದ ಎರಡು ದಪ್ಪ ಕೌದಿ ಹಗ್ಗಕ್ಕೆ ಇಳಿಬಿಟ್ಟಿದ್ದೇನೆ, ಜಾಸ್ತಿ ಖರ್ಚಿಲ್ಲದೆ ಸದ್ದು ಹಿಡಿತಕ್ಕೆ ಬಂತು. ಫ್ಯಾನ್ ಬಂದ್ ಮಾಡಿ. ಮೈಕನ್ನು ವಾದ್ಯದ ತುದಿಯ ಗಂಟೆಯಾಕಾರದ ಬಾಯೊಳಗೆ ಇಡಬೇಡಿ, ಒಂದೂವರೆ ಅಡಿ ದೂರದಲ್ಲಿ ಕೀಲಿಗಳ ಕಡೆ ಸ್ವಲ್ಪ ತಿರುಗಿಸಿ, ಯಾಕಂದ್ರೆ ಸ್ವರ ತೆರೆದ ರಂಧ್ರಗಳಿಂದಲೂ ಬರುತ್ತದೆ. ಕಳಿಸೋ ಫೈಲ್ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ, 24 ಬಿಟ್ ವೇವ್, ಅಂದ್ರೆ ಸದ್ದು ಕುಗ್ಗಿಸದ ಫೈಲ್.

ದುಡ್ಡಿನ ಮಾತು ಊದೋಕೆ ಮುಂಚೆ ಆಡಿಬಿಡಿ. ಹೋಗುವಾಗ ಚೀಲದಲ್ಲಿ ಪೆನ್ಸಿಲ್ ಇರಲಿ, ಪೆನ್ ಬೇಡ. ಹಾಳೆ ಅಲ್ಲೇ ಮೂರು ಸಲ ಬದಲಾಗುತ್ತದೆ.