ಹದಿನಾರರ ಹುಡುಗಿ ಮ್ಯಾಲೆ ಕಾದಂಬರಿ ಬರಿಯೂದು ಹ್ಯಾಂಗ?

ಮೊದ್ಲ ಒಂದ್ ಮಾತು, ಹುಡುಗೂರ ಕಥಿ ಅಂದಕೂಡ್ಲೆ ನೀತಿಪಾಠ ಹೇಳಾಕ ಕುಂದರಬ್ಯಾಡ್ರಿ, ಅದನ್ನ ಮನ್ಯಾಗ ಅಜ್ಜ, ಸಾಲ್ಯಾಗ ಮಾಸ್ತರು ದಿನಾ ಹೇಳ್ತಾರ. ನಾ ಬರದ ಮೊದಲ್ನೇ ಡ್ರಾಫ್ಟ್ ನಮ್ಮ ಅಕ್ಕನ ಮಗಳಿಗೆ ಕೊಟ್ಟಿದ್ದೆ, ಪಿಯುಸಿ ಫಸ್ಟ್ ಇಯರ್, ನಾಕ್ ಪೇಜ್ ಓದಿ "ಮಾಮಾ, ಇಕಿ ನನ್ನ ವಾರಿಗಿಯಾಕಿ ಅಲ್ಲ, ನಿಮ್ಮ ವಾರಿಗಿಯಾಕಿ" ಅಂದ್ಲು, ಮುಗೀತು.

ಆಮ್ಯಾಲೆ ನಾ ಮಾಡಿದ್ದು ಏನಂದ್ರ, ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿನ್ಯಾಗ ಕಾಲೇಜ್ ಬಿಡೂ ಟೈಮಿಗೆ ಸುಮ್ನ ಕುಂತು ಕೇಳಿದ್ದು. ಒಬ್ಬಾಕಿ ಅಳಾಕತ್ತಿದ್ಲು, ಮಾರ್ಕ್ಸ್ ಕಮ್ಮಿ ಬಿದ್ದದ್ದಕ್ಕಲ್ಲ, ಗೆಳತಿ ಸ್ಟೇಟಸ್ ಹೈಡ್ ಮಾಡ್ಯಾಳಂತ! ನಿಮ್ಮ ನಾಯಕಿಗೂ ಹಂತಾ ನೋವು ಕೊಡ್ರಿ. ಆಕಿಗೆ ಏನ್ ಬೇಕು, ಯಾರ ಮುಂದ ಏನ್ ಸುಳ್ಳ ಹೇಳ್ತಾಳ, ಇವೆರಡು ಗೊತ್ತಾಗೂತನಕ ಪೆನ್ ಹಿಡಿಬ್ಯಾಡ್ರಿ. ತಪ್ಪ ಮಾಡ್ಲಿ, ಆದ್ರ ಬಿಡಿಸಾಕ ದೊಡ್ಡವ್ರು ಓಡಿ ಬರಬಾರ್ದು, ಆಕೀನ ಬಿಡಿಸ್ಕೋಬೇಕು.

"ನಾನು" ಅಂತ ಬರದ್ರ ಓದಾವ್ರಿಗೆ ಲಗೂನ ಹತ್ರ ಆಕ್ಕೈತಿ. ಸ್ಲ್ಯಾಂಗ್ ಮಾತ್ರ ತುರುಕಬ್ಯಾಡ್ರಿ, ಎರಡ ವರ್ಷಕ್ಕ ಹಳಸ್ತೈತಿ. ವಯಸ್ಸು ಸಣ್ಣದಂತ ಹೆದರೂ ಹುಡುಗೂರಿಗೂ ಒಂದ್ ಮಾತು: ಅಮೆರಿಕಾದ ಎಸ್.ಇ. ಹಿಂಟನ್ ‘ದಿ ಔಟ್‌ಸೈಡರ್ಸ್’ ಕಾದಂಬರಿ ಬರದದ್ದು ಹೈಸ್ಕೂಲಿನ್ಯಾಗ ಇದ್ದಾಗ, 1967ರಾಗ ಪ್ರಿಂಟೂ ಆತು.

ಬರದಾದ ಮ್ಯಾಲೆ ಆ ವಯಸ್ಸಿನವ್ರಿಗೇ ಓದಾಕ ಕೊಡ್ರಿ, ಎಲ್ಲಿ ಪುಸ್ತಕ ಬಿಟ್ಟು ಮೊಬೈಲ್ ಎತ್ಕೋತಾರೋ ಆ ಪೇಜಿಗೆ ಪೆನ್ಸಿಲ್ ಗುರ್ತು ಹಾಕ್ರಿ. ನಂದ್ರಾಗ ಹನ್ನೊಂದು ಬಿದ್ವು.