ಲಿಬರೇಟರ್ ಮಾಡೆಲ್: ಮಳೆಗಾಲದಲ್ಲಿ ಜೋಡಿಸಿ, ಬಿಸಿಲು ಬಂದ ಮೇಲೆ ಬಣ್ಣ ಹೊಡೆಯಿರಿ

ಪ್ಲಾಸ್ಟಿಕ್ ಬಿಡಿಭಾಗ ಜೋಡಿಸಿ ಬಾಂಬರ್ ವಿಮಾನದ ಮಾಡೆಲ್ ಕಟ್ಟಲು ಕೂತವರಲ್ಲಿ ಜಾಸ್ತಿ ಜನ ಕೆಡಿಸಿಕೊಳ್ಳುವುದು ಬಣ್ಣದಲ್ಲಿ. ನಮ್ಮ ಮಡಿಕೇರಿ ಕಡೆ ಜುಲೈನಲ್ಲಿ ಸ್ಪ್ರೇ ಡಬ್ಬಿ ಹಿಡಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮಳೆಗಾಲದಲ್ಲಿ ಜೋಡಿಸಿ, ಕಾವೇರಿ ಸಂಕ್ರಮಣ ಕಳೆದ ಮೇಲೆ ಬಣ್ಣ ಹೊಡೆಯಿರಿ.

ಯಾವ ವಿಮಾನ? ಬಿ-24 ಲಿಬರೇಟರ್ ತಗೊಳ್ಳಿ. ಎರಡನೇ ಮಹಾಯುದ್ಧದ ಈ ನಾಲ್ಕು ಎಂಜಿನ್ ಬಾಂಬರ್‌ಗೂ ನಮಗೂ ನಂಟಿದೆ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳನ್ನು ಬೆಂಗಳೂರಿನ ಎಚ್‌ಎಎಲ್‌ನವರು ರಿಪೇರಿ ಮಾಡಿ ಹಾರಿಸಿದರು. 1948ರಿಂದ 1968ರವರೆಗೆ ಅವು ನಮ್ಮ ವಾಯುಪಡೆಯಲ್ಲಿದ್ದವು. 1:72 ಅಳತೆಯಲ್ಲಿ, ಅಂದರೆ ನಿಜವಾದ ವಿಮಾನದ 72ರಲ್ಲಿ ಒಂದು ಪಾಲು, ರೆಕ್ಕೆಯ ತುದಿಯಿಂದ ತುದಿಗೆ 46 ಸೆಂಟಿಮೀಟರ್ ದಾಟುತ್ತದೆ, ಇಡುವ ಜಾಗ ಮೊದಲೇ ನೋಡಿಕೊಳ್ಳಿ.

ಬಿಡಿಭಾಗಗಳನ್ನು ಪಾತ್ರೆ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಒಳಗಿನ ಸೀಟು, ನೆಲ ಬೇಗ ಮುಗಿಸಿ, ಮುಚ್ಚಿದ ಮೇಲೆ ಅರ್ಧ ಕಾಣುವುದೇ ಇಲ್ಲ.

ವಿಮಾನದ ಎರಡು ಹೋಳು ಅಂಟಿಸುವ ಮುಂಚೆ ಮೂಗಿನೊಳಗೆ ಭಾರ ತುಂಬಬೇಕು. ಲಿಬರೇಟರ್‌ಗೆ ಮೂಗಿನ ಕೆಳಗೆ ಒಂದು ಚಕ್ರ, ರೆಕ್ಕೆ ಕೆಳಗೆ ಎರಡು, ಭಾರ ಇಲ್ಲದಿದ್ದರೆ ಬಾಲ ಊರಿ ಕೂತುಬಿಡುತ್ತದೆ. ಮೀನಿನ ಗಾಳಕ್ಕೆ ಕಟ್ಟುವ ಸೀಸದ ಗುಂಡು ಸಾಕು. ಅದನ್ನು ಬಿಳಿ ಗೋಂದಿನಲ್ಲಿ ಕೂರಿಸಲೇಬೇಡಿ, ವರ್ಷಗಳು ಕಳೆದಂತೆ ಸೀಸ ಉಬ್ಬಿ ಪ್ಲಾಸ್ಟಿಕ್ಕನ್ನೇ ಸೀಳುತ್ತದೆ. ಎಂ-ಸೀಲ್ ಬಳಸಿ, ಕೈ ತೊಳೆದುಕೊಳ್ಳಿ. ಹೋಳುಗಳನ್ನು ಟೇಪಿನಲ್ಲಿ ಕಟ್ಟಿ, ರೆಕ್ಕೆ, ಬಾಲ ಸಿಕ್ಕಿಸಿ, ರೆಕ್ಕೆಯ ಚಕ್ರ ಬರುವ ಜಾಗದಲ್ಲಿ ಬೆರಳು ಕೊಟ್ಟು ಎತ್ತಿ ನೋಡಿ. ಮೂಗು ಬಾಗಿದರೆ ಸರಿ, ಆದರೂ ಇನ್ನೊಂದು ಗುಂಡು ಹಾಕಿ.

ಕಿಟಕಿ ಗಾಜಿಗೆ ಆ ಬಿಳಿ ಗೋಂದೇ ಒಳ್ಳೆಯದು. ಕ್ಷಣದಲ್ಲಿ ಹಿಡಿಯುವ ಗೋಂದಿನ ಆವಿ ಗಾಜನ್ನು ಮಂಕು ಮಾಡುತ್ತದೆ.

ಈಗ ಬಣ್ಣ. ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿಗೇ ಇಳಿದು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ, ಒಣಗಿದ ಮೇಲೆ ಬೆಟ್ಟದ ಮೇಲೆ ಮಂಜು ಕೂತ ಹಾಗೆ ಬಿಳಿಚಿಕೊಳ್ಳುತ್ತದೆ. ಅದಕ್ಕೇ ಬಿಸಿಲು ಬೇಕು ಅನ್ನುವುದು. ಬಿಸಿಲ ದಿನವೂ ಬೆಳಗಿನ ಮಂಜು ಪೂರ್ತಿ ಹೋಗಲಿ, ಹನ್ನೊಂದರಿಂದ ಮೂರು ಗಂಟೆಯೊಳಗೆ ಹೊಡೆಯಿರಿ. ಡಬ್ಬಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಇಡಿ, ಒಲೆ ಹತ್ತಿರ ಒಯ್ಯಲೇಬೇಡಿ. ಮಾಡೆಲ್‌ನಿಂದ 20-25 ಸೆಂಟಿಮೀಟರ್ ದೂರದಲ್ಲಿ ಡಬ್ಬಿ ಹಿಡಿಯಿರಿ, ಬಟನ್ ಒತ್ತುವುದು, ಬಿಡುವುದು ಎರಡೂ ಮಾಡೆಲ್‌ನ ಆಚೆಗೆ ಇರಲಿ, ಇಲ್ಲವಾದರೆ ಅಂಚಿನಲ್ಲಿ ಹನಿ ನಿಲ್ಲುತ್ತದೆ. ಮೊದಲ ಕೋಟಿನಲ್ಲಿ ಪ್ಲಾಸ್ಟಿಕ್ ಇನ್ನೂ ಕಾಣುತ್ತಿರಬೇಕು. ಸುಮ್ನೆ ಬಿಡಿ, ಒಂದೇ ಸಲ ಮುಚ್ಚುವ ಆಸೆ ಬೇಡ. ಹಾರ್ಡ್‌ವೇರ್ ಅಂಗಡಿಯ ಸ್ಕೂಟರ್ ಸ್ಪ್ರೇ ಅಗ್ಗ ಅಂತ ತರಬೇಡಿ, ಅದರ ತಿನ್ನರ್ ಪ್ಲಾಸ್ಟಿಕ್ ಕರಗಿಸಬಹುದು. ಜಗಲಿಯಲ್ಲಿ ಹೊಡೆಯುವಾಗಲೂ ಮಾಸ್ಕ್ ಇರಲಿ.

ಬೆಳ್ಳಿ ಬಣ್ಣ ನೋಡಲು ಚೆಂದ, ಅಲ್ವಾ? ಅದರಡಿ ಹೊಳಪಿನ ಕಪ್ಪು ಬೇಕು, ಉಪ್ಪುಕಾಗದದ ಒಂದು ಗೀರಿದ್ದರೂ ಎದ್ದು ಕಾಣುತ್ತದೆ. ಮೊದಲ ಮಾಡೆಲ್‌ಗೆ ಆಲಿವ್ ಹಸಿರು, ಹೊಟ್ಟೆಗೆ ಬೂದು ಸಾಕು, ಅಮೆರಿಕದ ಎಷ್ಟೋ ಲಿಬರೇಟರ್‌ಗಳು ಹಾಗೇ ಇದ್ದವು.

ಹೊಳಪಿನ ವಾರ್ನಿಶ್ ಒಣಗಿದ ಮೇಲೆ ಸ್ಟಿಕ್ಕರ್ ಅಂಟಿಸಿ. ಚಕ್ರ, ಪ್ರೊಪೆಲ್ಲರ್, ಬಂದೂಕಿನ ನಳಿಗೆಗಳನ್ನು ಕೊನೆಗೆ ಸಿಕ್ಕಿಸಿ, ಮೊದಲೇ ಹಾಕಿದರೆ ಕೈ ತಾಗಿ ಮುರಿಯುತ್ತವೆ.