ಹಾರ್ಟ್ ಚೆನ್ನಾಗಿದ್ದರೂ ಶ್ವಾಸಕೋಶದಲ್ಲಿ ನೀರು

ರಾತ್ರಿ ಎರಡೂವರೆಗೆ ಆ ಅಜ್ಜಿಯನ್ನು ಮತ್ತೆ ಕರೆತಂದಾಗ ಸಿಸ್ಟರ್ ನನ್ನ ಮುಖ ನೋಡಿದರು. ನಾಲ್ಕು ತಿಂಗಳಲ್ಲಿ ಮೂರನೇ ಸಲ. ಬಿಪಿ 230/120. ಮಲಗೋಕಾಗದೆ ಮಗನ ಹೆಗಲು ಹಿಡಿದು ಕೂತಿದ್ದರು, ಬೆನ್ನಿಗೆ ಸ್ಟೆತ್ ಇಟ್ಟರೆ ಕೆಳಗಿಂದ ಮೇಲಿನವರೆಗೂ ಗೊರಗೊರ. ಊಟ ಮಾಡಿ ಚೆನ್ನಾಗೇ ಮಲಗಿದ್ದರಂತೆ. ಉಸಿರಾಟಕ್ಕೆ ಬೈಪ್ಯಾಪ್ ಮಾಸ್ಕ್ ಹಾಕಿ, ಬಿಪಿ ಇಳಿಸೋ ನೈಟ್ರೋಗ್ಲಿಸರಿನ್ ಡ್ರಿಪ್ ಶುರು ಮಾಡಿ, ಮೂತ್ರದಲ್ಲಿ ನೀರು ಹೊರಹಾಕಿಸೋ ಲ್ಯಾಸಿಕ್ಸ್ ಕೊಟ್ಟೆ. ಬೆಳಗ್ಗೆ ಆರಕ್ಕೆ ಕಾಫಿ ಕೇಳುತ್ತಿದ್ದರು.

ಹಿಂದಿನ ಎರಡೂ ಸಲ "ಹಾರ್ಟ್ ಫೇಲ್ಯೂರ್, ಉಪ್ಪು ಕಮ್ಮಿ" ಅಂತ ಬರೆದು ಕಳಿಸಿದ್ದು ನಾನೇ. ಉಪ್ಪಿನಕಾಯಿ ಯಾಕೆ ಕೊಡ್ತೀರಿ ಅಂತ ಮಗನನ್ನು ಗದರಿದ್ದೆ ಕೂಡ. ಆದರೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಹಾರ್ಟ್ ಪಂಪಿಂಗ್ 60 ಪರ್ಸೆಂಟ್, ಅಂದರೆ ನಾರ್ಮಲ್ಲೇ ಇತ್ತು, ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಈ ಸಲ ಕೂತು ಫೈಲ್ ತಿರುವಿದೆ. ಬಿಪಿ ಮಾತ್ರೆ ರಾಮಿಪ್ರಿಲ್ ಶುರು ಮಾಡಿದ ಎರಡೇ ವಾರಕ್ಕೆ, ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.2ರಿಂದ 2.3ಕ್ಕೆ ಏರಿತ್ತು, ಮಾತ್ರೆ ನಿಲ್ಲಿಸಿ ಸುಮ್ನಾಗಿದ್ದೆವು. ಹಳೇ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಬಲ ಕಿಡ್ನಿ 7.8 ಸೆಂ.ಮೀ., ಎಡದ್ದು 10.2. ಎದ್ದು ಹೋಗಿ ಹೊಕ್ಕುಳ ಮೇಲ್ಗಡೆ ಸ್ಟೆತ್ ಒತ್ತಿ ಹಿಡಿದೆ. ಸಣ್ಣಗೆ ಸುಯ್, ಸುಯ್, ಇಕ್ಕಟ್ಟಾದ ರಕ್ತನಾಳದಲ್ಲಿ ರಕ್ತ ನುಗ್ಗುವ ಸದ್ದು. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಕಿಡ್ನಿಗೆ ಹೋಗುವ ರಕ್ತನಾಳ ಸಣ್ಣಗಾಗಿದ್ದು ಕಾಣಿಸಿತು.

ಆಗೋದು ಇಷ್ಟೇ. ರಕ್ತ ಸರಿಯಾಗಿ ಬರದಿದ್ದರೆ ಕಿಡ್ನಿಗೆ ಮೈಯಲ್ಲೇ ರಕ್ತ ಕಮ್ಮಿಯಾದ ಹಾಗೆ ಕಾಣುತ್ತದೆ. ರೆನಿನ್ ಅನ್ನೋ ರಾಸಾಯನಿಕ ಸುರಿಸಿ ಬಿಪಿ ಏರಿಸುತ್ತದೆ, ಉಪ್ಪು ನೀರು ಹಿಡಿದಿಡುತ್ತದೆ. ಒಂದೇ ಕಡೆ ತೊಂದರೆಯಾದರೆ ಇನ್ನೊಂದು ಕಿಡ್ನಿ ಜಾಸ್ತಿಯಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಎರಡೂ ಕಡೆ ಆದರೆ, ಅಥವಾ ಇರೋದೇ ಒಂದು ಕಿಡ್ನಿ ಆದರೆ, ಆ ದಾರಿ ಇಲ್ಲ. ವರ್ಷಗಟ್ಟಲೆ ಬಿಪಿ ತಿಂದು ಗಡುಸಾದ ಹೃದಯ ಆ ಭಾರ ತಡೆಯದೆ, ನೀರು ಹಿಂದಕ್ಕೆ ಒತ್ತಿ ಶ್ವಾಸಕೋಶಕ್ಕೆ ನುಗ್ಗುತ್ತದೆ. 1988ರಲ್ಲಿ ಇದರ ಬಗ್ಗೆ ಬರೆದ ವೈದ್ಯ ಪಿಕರಿಂಗ್ ಅವರ ಹೆಸರೇ ಇದಕ್ಕೆ ಬಂದಿದೆ, ಪಿಕರಿಂಗ್ ಸಿಂಡ್ರೋಮ್ ಅಂತ.

ಕಿಡ್ನಿಯ ರಕ್ತನಾಳ ಅಗಲಿಸೋಕೆ ಸ್ಟೆಂಟ್ ಹಾಕಿಸೋಣ ಅಂದಾಗ ಕಾರ್ಡಿಯಾಲಜಿಸ್ಟ್ ಗೆಳೆಯ ಇಂಥ ಸ್ಟೆಂಟ್‌ಗಳ ಬಗ್ಗೆಯೇ ನಡೆದ ಕೋರಲ್ ಸ್ಟಡಿ ತೆಗೆದ. 2014ರ ಆ ಅಧ್ಯಯನದಲ್ಲಿ ಮಾತ್ರೆಯ ಜೊತೆ ಸ್ಟೆಂಟ್ ಹಾಕಿದ್ದರಿಂದ ಹೆಚ್ಚಿನ ಲಾಭ ಸಿಗಲಿಲ್ಲ, ನಿಜ. ಆದರೆ ಹೀಗೆ ಪದೇ ಪದೇ ನೀರು ತುಂಬುವವರ ಲೆಕ್ಕವೇ ಬೇರೆ ಅಲ್ವಾ? ಕೊನೆಗೆ ಒಪ್ಪಿದ. ಬಲದ್ದು ಆಗಲೇ ಸುಕ್ಕಿ ಹೋಗಿತ್ತು, ಎಡಗಡೆಗೆ ಮಾತ್ರ ಹಾಕಿದರು.

ಹನ್ನೊಂದು ತಿಂಗಳಾಯಿತು. ಐದು ಬಿಪಿ ಮಾತ್ರೆ ಎರಡಕ್ಕೆ ಇಳಿದಿವೆ, ರಾತ್ರಿ ಫೋನ್ ಬಂದಿಲ್ಲ. ಮಗನ ಹತ್ತಿರ ಸಾರಿ ಕೇಳಿದೆ. ಅಜ್ಜಿ ಹಾಗಾದ್ರೆ ಉಪ್ಪಿನಕಾಯಿ ತಿನ್ನಬಹುದಾ ಅಂದರು. ಇಲ್ಲ ಅಂದೆ.